ಅಪ್‌ಲೋಡ್ ಎಣಿಸುವುದನ್ನು ನಿಲ್ಲಿಸಿ, ನಮಗೆ ಸಮಯ ಕೊಡಿ: ಉನ್ನತ ಶಿಕ್ಷಣ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರೇ,

ನಮಸ್ಕಾರ. ನಾನು ವಿಶ್ವವಿದ್ಯಾಲಯದಲ್ಲಿ ಸಂಖ್ಯಾಶಾಸ್ತ್ರ ಪಾಠ ಮಾಡುವ ಅಧ್ಯಾಪಕಿ. ಕೆಲಸಕ್ಕೆ ಸೇರಿ 19 ವರ್ಷ ಆಯಿತು. ಇಷ್ಟು ವರ್ಷದಲ್ಲಿ ಒಮ್ಮೆಯೂ ಮಂತ್ರಿಗಳಿಗೆ ಪತ್ರ ಬರೆದವಳಲ್ಲ. ಮೊದಲು ವಿಭಾಗದ ಮುಖ್ಯಸ್ಥರಿಗೆ ಬರೆದೆ. ಆಮೇಲೆ ಡೀನ್‌ಗೆ. ಆಮೇಲೆ ಕುಲಸಚಿವರಿಗೆ ಮೂರು ಸಲ. ಮೂರನೆಯದಕ್ಕೆ ಉತ್ತರ ಬಂತು: ನಿಮ್ಮ ಪತ್ರವನ್ನು ಸ್ವೀಕರಿಸಲಾಗಿದೆ. ಅಷ್ಟೇ. ಅದಕ್ಕೇ ಈಗ ಎಲ್ಲರೂ ಓದುವ ಹಾಗೆ ನಿಮಗೆ ಬರೆಯುತ್ತಿದ್ದೇನೆ.

ಏನು ಕೇಳುತ್ತಿದ್ದೇನೆ ಅನ್ನುವುದನ್ನು ಮೊದಲೇ ಹೇಳಿಬಿಡುತ್ತೇನೆ. ಡಿಜಿಟಲ್ ಪಾಠ ಸಿದ್ಧ ಮಾಡೋಕೆ ನಮಗೆ ಸಮಯ ಕೊಡಿ. ಆ ಕೆಲಸದಲ್ಲಿ ಜೊತೆಗಿರೋಕೆ ವಿಷಯ ಗೊತ್ತಿರುವ ಒಬ್ಬರನ್ನು ಕೊಡಿ. ಯಾರು ಎಷ್ಟು ಫೈಲ್ ಏರಿಸಿದರು ಅಂತ ಎಣಿಸುವುದನ್ನು ನಿಲ್ಲಿಸಿ.

ನಾನು ಕಂಪ್ಯೂಟರ್ ಕಂಡರೆ ಹೆದರುವವಳಲ್ಲ. ಅದರಿಂದ ಪಾಠ ಎಷ್ಟು ಚೆನ್ನಾಗಿ ಆಗಬಹುದು ಅಂತ ನೋಡಿದವಳು. ಒಂದು ಉದಾಹರಣೆ ಕೊಡುತ್ತೇನೆ. ತರಗತಿಯ ಹಿಂದಿನ ರಾತ್ರಿ ವಿದ್ಯಾರ್ಥಿಗಳ ಮೊಬೈಲಿಗೆ ಒಂದೇ ಒಂದು ಪ್ರಶ್ನೆ ಕಳಿಸಿದ್ದೆ. ಎಲ್ಲರ ಅಂಕಕ್ಕೂ 5 ಸೇರಿಸಿದರೆ ಪ್ರಮಾಣಿತ ವಿಚಲನೆ ಏನಾಗುತ್ತದೆ? (ಅಂಕಗಳು ಸರಾಸರಿಯ ಸುತ್ತ ಎಷ್ಟು ಹರಡಿಕೊಂಡಿವೆ ಅನ್ನುವ ಅಳತೆ ಅದು.) ಬೆಳಗ್ಗೆ ತೆರೆದು ನೋಡಿದರೆ ಅರ್ಧಕ್ಕಿಂತ ಜಾಸ್ತಿ ಮಂದಿ 'ಅದೂ 5 ಹೆಚ್ಚುತ್ತದೆ' ಎಂದು ಬರೆದಿದ್ದರು. ಸರಾಸರಿ ಹೆಚ್ಚುತ್ತದೆ, ನಿಜ. ಆದರೆ ಅಂಕಗಳ ನಡುವಿನ ಅಂತರ ಇದ್ದ ಹಾಗೇ ಇರುತ್ತದಲ್ವಾ? ವಿಚಲನೆ ಬದಲಾಗುವುದೇ ಇಲ್ಲ. ಅವತ್ತು ನಾನು ಹೊಸ ಪಾಠ ಬಿಟ್ಟು ಅದೊಂದನ್ನೇ ಹಿಡಿದುಕೊಂಡೆ. ಐದು ಜನರನ್ನು ಸಾಲಾಗಿ ನಿಲ್ಲಿಸಿ, ಎಲ್ಲರೂ ಒಟ್ಟಿಗೆ ಎರಡು ಹೆಜ್ಜೆ ಮುಂದೆ ಬನ್ನಿ ಅಂದೆ. ಅವರ ನಡುವಿನ ಜಾಗ ಬದಲಾಯಿತಾ ಅಂತ ಕೇಳಿದೆ. ಹಿಂದಿನ ಬೆಂಚಿನಿಂದ 'ಓ' ಅನ್ನುವ ಶಬ್ದ ಬಂತು. ಹಳೇ ರೀತಿಯಲ್ಲಾಗಿದ್ದರೆ ಅವರಿಗೆ ಇದು ಅರ್ಥವಾಗಿಲ್ಲ ಅಂತ ನನಗೆ ಗೊತ್ತಾಗುತ್ತಿದ್ದದ್ದು ಪರೀಕ್ಷೆಯ ಉತ್ತರಪತ್ರಿಕೆ ತಿದ್ದುವಾಗ. ಆಗ ಏನು ಪ್ರಯೋಜನ?

ಆ ಒಂದು ಪ್ರಶ್ನೆಯನ್ನು ಸರಿಯಾಗಿ ಬರೆಯೋಕೆ ನನಗೆ ಒಂದು ಸಂಜೆ ಬೇಕಾಯಿತು. ವಿದ್ಯಾರ್ಥಿಗಳು ಎಲ್ಲಿ ಎಡವುತ್ತಾರೆ ಅಂತ ಊಹಿಸಿ, ಆ ತಪ್ಪುಗಳನ್ನೇ ಉತ್ತರದ ಆಯ್ಕೆಗಳಲ್ಲಿ ಇಡಬೇಕು. ಸುಮ್ನೆ ನಾಲ್ಕು ಸಂಖ್ಯೆ ಕೊಟ್ಟರೆ ಆಗುವುದಿಲ್ಲ. ಈ ಸಮಯವನ್ನು ಯಾರ ಲೆಕ್ಕಕ್ಕೆ ಹಾಕಬೇಕು ಸ್ವಾಮಿ?

ನಮಗೆ ಬಂದ ಆದೇಶ ನಿಮಗೆ ಗೊತ್ತೇ ಇದೆ. ಎಲ್ಲ ಪಾಠಗಳನ್ನೂ ಕಲಿಕಾ ಜಾಲತಾಣಕ್ಕೆ ಏರಿಸಬೇಕು, ಕೊಟ್ಟ ಅವಧಿ 11 ದಿನ. ಎರಡು ಪತ್ರಿಕೆ, ಹತ್ತು ಅಧ್ಯಾಯ, ಜೊತೆಗೆ ದಿನಾ ತರಗತಿ, ಮೌಲ್ಯಮಾಪನ. ತರಬೇತಿ ಅಂತ ಎರಡು ಗಂಟೆ ಒಂದು ಸಭಾಂಗಣದಲ್ಲಿ ಕೂರಿಸಿದರು. ತಂತ್ರಾಂಶದ ಕಂಪನಿಯಿಂದ ಬಂದವರು ಯಾವ ಬಟನ್ ಒತ್ತಿದರೆ ಫೈಲ್ ಹೋಗುತ್ತದೆ ಅಂತ ತೋರಿಸಿದರು. ಪಾಠ ಹೇಗಿರಬೇಕು ಅಂತ ಯಾರೂ ಒಂದು ಮಾತು ಆಡಲಿಲ್ಲ.

2020ರ ಮಾರ್ಚ್‌ನಲ್ಲಿ, ಜಗತ್ತಿನ ಕಾಲೇಜುಗಳೆಲ್ಲ ಒಂದೇ ವಾರದಲ್ಲಿ ಆನ್‌ಲೈನ್ ಆದಾಗ, ಅಮೆರಿಕದ ಕೆಲವು ಶಿಕ್ಷಣ ತಜ್ಞರು ಒಂದು ಲೇಖನ ಬರೆದರು. ತುರ್ತಿನಲ್ಲಿ ಮಾಡುವ ದೂರ ಬೋಧನೆಯೇ ಬೇರೆ, ಯೋಚಿಸಿ ಕಟ್ಟಿದ ಆನ್‌ಲೈನ್ ಕಲಿಕೆಯೇ ಬೇರೆ ಅಂತ ಬಿಡಿಸಿ ಹೇಳಿದರು. ಪೂರ್ತಿ ಆನ್‌ಲೈನ್ ಆಗಿರುವ ಒಂದು ವಿಶ್ವವಿದ್ಯಾಲಯ ಕೋರ್ಸನ್ನು ಸಿದ್ಧ ಮಾಡೋಕೆ ಸಾಮಾನ್ಯವಾಗಿ 6ರಿಂದ 9 ತಿಂಗಳು ಬೇಕು ಅಂತ ಅದರಲ್ಲೇ ಇದೆ. ಆಗ ತುರ್ತು ಇತ್ತು, ಒಪ್ಪೋಣ. ಆ ತುರ್ತು ಮುಗಿದು ಎಷ್ಟು ಕಾಲವಾಯಿತು? ನಮ್ಮಲ್ಲಿ ಇನ್ನೂ 11 ದಿನದ ಲೆಕ್ಕವೇ ನಡೆಯುತ್ತಿದೆ.

ಹನ್ನೊಂದು ದಿನದಲ್ಲಿ ಎಲ್ಲರೂ ಏನು ಮಾಡುತ್ತಾರೋ ನಾನೂ ಅದನ್ನೇ ಮಾಡಿದೆ. ವರ್ಷಗಟ್ಟಲೆ ಕೈಯಲ್ಲಿ ಬರೆದಿಟ್ಟಿದ್ದ ಟಿಪ್ಪಣಿಗಳನ್ನು ಸ್ಕ್ಯಾನ್ ಮಾಡಿದೆ. ಪಿಡಿಎಫ್ ಮಾಡಿ ಏರಿಸಿದೆ. ಕೆಲಸ ಮುಗಿದಿದೆ ಅಂತ ನನ್ನ ಹೆಸರಿನ ಮುಂದೆ ಹಸಿರು ಬಣ್ಣ ಬಂತು.

ಈಗ ಮುಖ್ಯವಾದ ವಿಷಯಕ್ಕೆ ಬರುತ್ತೇನೆ. ಈ ಭಾಗವನ್ನು ದಯವಿಟ್ಟು ನೀವೇ ಓದಿ, ಆಪ್ತ ಕಾರ್ಯದರ್ಶಿಗಳ ಕೈಗೆ ಕೊಡಬೇಡಿ.

ನನ್ನ ತರಗತಿಯಲ್ಲಿ ಕಣ್ಣು ಕಾಣದ ಒಬ್ಬ ಹುಡುಗಿ ಇದ್ದಾಳೆ. ತುಂಬ ಚುರುಕು. ಮೊದಲ ಸಾಲಿನಲ್ಲೇ ಕೂರುತ್ತಾಳೆ, ನಾನು ಬೋರ್ಡಿನ ಮೇಲೆ ಬರೆದದ್ದನ್ನು ಬಾಯಲ್ಲಿ ಹೇಳಲು ಮರೆತರೆ ಕೈ ಎತ್ತುತ್ತಾಳೆ. ಮನೆಯಲ್ಲಿ ಓದೋಕೆ ಅವಳ ಹತ್ತಿರ ಒಂದು ಹಳೇ ಲ್ಯಾಪ್‌ಟಾಪ್ ಇದೆ. ಅದರಲ್ಲಿ ಎನ್‌ವಿಡಿಎ ಅನ್ನುವ ತಂತ್ರಾಂಶ ಹಾಕಿಕೊಂಡಿದ್ದಾಳೆ. ಪರದೆಯ ಮೇಲಿನ ಅಕ್ಷರಗಳನ್ನು ಅದು ಓದಿ ಹೇಳುತ್ತದೆ. 2006ರಲ್ಲಿ ಆಸ್ಟ್ರೇಲಿಯಾದಲ್ಲಿ ಮೈಕೆಲ್ ಕರ್ರನ್ ಎಂಬ ದೃಷ್ಟಿಯಿಲ್ಲದ ಯುವಕ ಅದನ್ನು ಶುರು ಮಾಡಿದ. ದುಬಾರಿ ತಂತ್ರಾಂಶ ಕೊಳ್ಳಲಾಗದವರಿಗೂ ಸಿಗಲಿ ಅಂತ ಇವತ್ತಿಗೂ ಅದನ್ನು ಉಚಿತವಾಗಿಯೇ ಕೊಡುತ್ತಾರೆ.

ಒಂದು ಮಧ್ಯಾಹ್ನ ಅವಳು ನನ್ನ ಕೋಣೆಗೆ ಬಂದಳು. 'ಮೇಡಂ, ಮೂರನೇ ಅಧ್ಯಾಯದಲ್ಲಿ ಏನೂ ಇಲ್ಲ' ಅಂದಳು. ಇದೆಯಲ್ಲ, ನಾನೇ ಹಾಕಿದ್ದೇನೆ ಅಂದೆ. ಅವಳು ಲ್ಯಾಪ್‌ಟಾಪ್ ತೆರೆದು ನನ್ನ ಮೇಜಿನ ಮೇಲಿಟ್ಟು, ಕಿವಿಗೆ ಹಾಕುವ ತಂತಿಯನ್ನು ಕಿತ್ತು, ನನ್ನ ಫೈಲನ್ನು ಓದಿಸಿದಳು. ಯಂತ್ರ 'ಖಾಲಿ' ಅಂತು. ಮುಂದಿನ ಪುಟಕ್ಕೆ ಹೋದಳು. 'ಖಾಲಿ'. ಮತ್ತೊಂದು ಪುಟ. 'ಖಾಲಿ'. 32 ಪುಟಗಳ ನನ್ನ ಟಿಪ್ಪಣಿ ಆ ಯಂತ್ರಕ್ಕೆ 32 ಖಾಲಿ ಹಾಳೆ. ಸ್ಕ್ಯಾನ್ ಮಾಡಿದ ಪುಟ ಅಂದರೆ ಬರೀ ಒಂದು ಫೋಟೋ, ಒಳಗೆ ಒಂದು ಅಕ್ಷರವೂ ಇರುವುದಿಲ್ಲ. ಅವತ್ತಿನವರೆಗೆ ನನಗೆ ಅದು ಹೊಳೆದೇ ಇರಲಿಲ್ಲ. ನನ್ನದೂ ತಪ್ಪು, ಅವಳ ಹತ್ತಿರ ಕ್ಷಮೆ ಕೇಳಿದೆ.

ಆಮೇಲೆ ಅವಳು ಇನ್ನೊಂದು ವಿಷಯ ಹೇಳಿದಳು. ಆ ಖಾಲಿ ಫೈಲನ್ನು ಅವಳು ಪ್ರತಿ ಸಂಜೆ 40 ನಿಮಿಷ ತೆರೆದಿಟ್ಟುಕೊಂಡು ಸುಮ್ಮನೆ ಕೂರುತ್ತಿದ್ದಳಂತೆ. ಏಕೆಂದರೆ ಪುಟ ಎಷ್ಟು ಹೊತ್ತು ತೆರೆದಿತ್ತು ಅನ್ನುವುದರ ಮೇಲೆ ಆಂತರಿಕ ಅಂಕ. ವ್ಯವಸ್ಥೆ ಅವಳ ಹೆಸರಿನ ಮುಂದೆ 'ಅಧ್ಯಾಯ ಪೂರ್ಣ' ಅಂತ ಬರೆದಿತ್ತು. ಹಸಿರು ಬಣ್ಣ. ನನ್ನದೂ ಹಸಿರು, ಅವಳದೂ ಹಸಿರು. ಒಂದು ಅಕ್ಷರ ಅವಳಿಗೆ ತಲುಪಿಲ್ಲ. ನಿಮ್ಮ ಇಲಾಖೆಗೆ ಹೋದ ವರದಿಯಲ್ಲಿ ಇದು ನೂರಕ್ಕೆ ನೂರು ಸಾಧನೆ!

ಆ ರಾತ್ರಿ ನಾನು ಫೈಲನ್ನು ತೆಗೆದುಹಾಕಿದೆ. ಸರಿಮಾಡಿ ಮತ್ತೆ ಹಾಕೋಣ ಅಂತ. ಮೂರನೇ ದಿನಕ್ಕೆ ನನಗೆ ನೋಟಿಸ್ ಬಂತು. ಪಠ್ಯ ಸಾಮಗ್ರಿಯನ್ನು ಅಳಿಸಿದ್ದೇಕೆ, ಕಾರಣ ತಿಳಿಸಿ. ನನ್ನ ಹೆಸರು ಕೆಂಪಾಗಿತ್ತು. ಓದಲಾಗದ ಫೈಲು ಇದ್ದಷ್ಟು ದಿನ ಯಾರೂ ಕೇಳಲಿಲ್ಲ, ಸರಿಮಾಡಲು ತೆಗೆದ ಕೂಡಲೇ ನೋಟಿಸ್. ಕಚೇರಿಗೆ ಹೋಗಿ ವಿವರಿಸಿದೆ. 'ಮೊದಲು ಎಲ್ಲ ಹಸಿರಾಗೇ ಇತ್ತಲ್ಲ ಮೇಡಂ, ನೀವ್ಯಾಕೆ ಮುಟ್ಟಿದಿರಿ?' ಅಂದರು. ನನಗೆ ಅಳು ಬಂತು. ಸಿಟ್ಟೂ ಬಂತು. ಈ ಪತ್ರ ಅವತ್ತೇ ಮನಸ್ಸಿನಲ್ಲಿ ಶುರುವಾದದ್ದು.

ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಡಂಬಡಿಕೆ ನಿಮಗೆ ಗೊತ್ತಿರುತ್ತದೆ. 2006ರದ್ದು. ಅದರ 24ನೇ ವಿಧಿ ಉನ್ನತ ಶಿಕ್ಷಣವನ್ನೂ ಹೆಸರಿಸಿಯೇ ಹೇಳುತ್ತದೆ. ಜಾಲತಾಣದ ವಿಷಯಗಳು ಎಲ್ಲರಿಗೂ ಎಟುಕುವಂತೆ ಹೇಗಿರಬೇಕು ಅನ್ನುವುದಕ್ಕೆ 1999ರಿಂದಲೇ ಅಂತರರಾಷ್ಟ್ರೀಯ ಮಾರ್ಗಸೂಚಿ ಇದೆ. ಚಿತ್ರಕ್ಕೆ ಮಾತಿನ ವಿವರಣೆ ಬೇಕು, ವಿಡಿಯೋಗೆ ಅಡಿಬರಹ ಬೇಕು, ಬಣ್ಣವೊಂದರಿಂದಲೇ ಅರ್ಥ ಹೇಳಬಾರದು. ಇವನ್ನೆಲ್ಲ ನಾನು ನಿಮಗೆ ಕಲಿಸಬೇಕಾಗಿಲ್ಲ. ನಿಯಮ ಇದೆ. ಅದನ್ನು ಪಾಲಿಸಲು ಬೇಕಾದ ಸಮಯ ಮಾತ್ರ ಇಲ್ಲ.

ಆ ಒಂದು ಅಧ್ಯಾಯ ಸರಿಮಾಡೋಕೆ ಎಷ್ಟು ಹೊತ್ತು ಬೇಕಾಯಿತು ಗೊತ್ತಾ? ಒಂಬತ್ತು ರಾತ್ರಿ. 32 ಪುಟ ಟೈಪ್ ಮಾಡಬೇಕು. ಸೂತ್ರಗಳನ್ನು ಚಿತ್ರವಾಗಿ ಅಂಟಿಸಿದರೆ ಯಂತ್ರ ಓದುವುದಿಲ್ಲ, ಗಣಿತದ ಗುರುತುಗಳಲ್ಲೇ ಬರೆಯಬೇಕು. ಎಲ್ಲಕ್ಕಿಂತ ಕಷ್ಟವಾದದ್ದು ಚುಕ್ಕೆ ನಕ್ಷೆ, ಅಂದರೆ ಒಬ್ಬೊಬ್ಬರಿಗೂ ಒಂದೊಂದು ಚುಕ್ಕೆ ಇಟ್ಟು ಎರಡು ಅಳತೆಗಳನ್ನು ಒಟ್ಟಿಗೆ ತೋರಿಸುವ ಚಿತ್ರ. ಎತ್ತರ ಮತ್ತು ತೂಕದ ನಡುವಿನ ಸಂಬಂಧವನ್ನು ಕಾಣದವರಿಗೆ ಮಾತಿನಲ್ಲಿ ತೋರಿಸಬೇಕು. ನಾನು ಬರೆದದ್ದು ಹೀಗೆ: 'ಚುಕ್ಕೆಗಳು ಎಡಗಡೆ ಕೆಳಗಿನಿಂದ ಬಲಗಡೆ ಮೇಲಕ್ಕೆ ಹೋಗುತ್ತವೆ. ಎಡಕ್ಕೆ ಒತ್ತೊತ್ತಾಗಿವೆ, ಬಲಕ್ಕೆ ಹೋದ ಹಾಗೆ ಹರಡಿಕೊಳ್ಳುತ್ತವೆ. ಒಂದು ಚುಕ್ಕೆ ಮಾತ್ರ ಗುಂಪು ಬಿಟ್ಟು ಮೇಲಿದೆ.' ಸಂಬಂಧ ಧನಾತ್ಮಕ, ಅಂದರೆ ಒಂದು ಹೆಚ್ಚಿದ ಹಾಗೆ ಇನ್ನೊಂದೂ ಹೆಚ್ಚುತ್ತದೆ ಅಂತ ನಾನೇ ಹೇಳಿಬಿಟ್ಟರೆ ಅವಳು ಕಂಡುಹಿಡಿಯಲು ಏನು ಉಳಿಯಿತು? ಚಿತ್ರ ಕಾಣುವಂತೆ ಮಾಡಬೇಕು, ಆದರೆ ಉತ್ತರ ಕೊಡಬಾರದು. ಇದೇ ಒಂದು ದೊಡ್ಡ ಕೆಲಸ. ಒಂದು ವಿಷಯ ನನಗೆ ತುಂಬ ಖುಷಿ ಕೊಟ್ಟಿತು. ಕಣ್ಣು ಕಾಣುವ ಮಕ್ಕಳೂ ಆ ವಿವರಣೆ ಓದಿ, ನಕ್ಷೆಯನ್ನು ಹೀಗೆ ನೋಡಬೇಕು ಅಂತ ಈಗ ಗೊತ್ತಾಯಿತು ಅಂದರು.

ಈ ಒಂಬತ್ತು ರಾತ್ರಿಯಲ್ಲಿ ಕೇಳೋಕೆ ನನಗೆ ಒಬ್ಬರೂ ಇರಲಿಲ್ಲ. ಸಹಾಯವಾಣಿಗೆ ಫೋನ್ ಮಾಡಿದರೆ ಪಾಸ್‌ವರ್ಡ್ ಬದಲಿಸೋಕೆ ಮಾತ್ರ ಬರುತ್ತದೆ ಅಂದರು. ಪಾಠವೂ ಗೊತ್ತಿದ್ದು ತಂತ್ರಜ್ಞಾನವೂ ಗೊತ್ತಿರುವ ಒಬ್ಬರು ಕಾಲೇಜಿನಲ್ಲಿದ್ದಿದ್ದರೆ ಒಂಬತ್ತು ರಾತ್ರಿಯ ಕೆಲಸ ಎರಡು ದಿನದಲ್ಲಿ ಮುಗಿಯುತ್ತಿತ್ತು. ಒಬ್ಬರು ಸಾಕು. ಕಾಲೇಜಿಗೆ ಒಬ್ಬರು.

ಈಗ ಇನ್ನೊಂದು ಸುತ್ತೋಲೆ ಬಂದಿದೆ. ಪ್ರತಿ ತರಗತಿಯನ್ನೂ ರೆಕಾರ್ಡ್ ಮಾಡಿ 50 ನಿಮಿಷದ ವಿಡಿಯೋ ಏರಿಸಬೇಕಂತೆ. ಯಾರು ನೋಡುತ್ತಾರೆ ಸ್ವಾಮಿ? ಎಡ್ಎಕ್ಸ್ ಜಾಲತಾಣದ ಕೋರ್ಸ್‌ಗಳಲ್ಲಿ ವಿದ್ಯಾರ್ಥಿಗಳು ವಿಡಿಯೋ ನೋಡಿದ 69 ಲಕ್ಷ ಸಂದರ್ಭಗಳನ್ನು ಸಂಶೋಧಕರು ಪರಿಶೀಲಿಸಿ 2014ರಲ್ಲಿ ವರದಿ ಕೊಟ್ಟರು. ವಿಡಿಯೋ ಆರು ನಿಮಿಷ ದಾಟಬಾರದು ಅಂತ ಅವರ ಸಲಹೆ. ಅದೇ ವರ್ಷ ಬಂದ ಇನ್ನೊಂದು ಅಧ್ಯಯನ ವಿಜ್ಞಾನ, ಎಂಜಿನಿಯರಿಂಗ್, ಗಣಿತದ ತರಗತಿಗಳ 225 ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿತು. ಸುಮ್ಮನೆ ಕೂತು ಉಪನ್ಯಾಸ ಕೇಳುವವರು ಫೇಲಾಗುವ ಸಾಧ್ಯತೆ, ಮಾಡುತ್ತ ಕಲಿಯುವವರಿಗಿಂತ ಒಂದೂವರೆ ಪಟ್ಟು ಜಾಸ್ತಿ ಎಂದು ಕಂಡುಬಂತು. ಹಾಗಿದ್ದ ಮೇಲೆ 50 ನಿಮಿಷದ ಉಪನ್ಯಾಸವನ್ನು ಪರದೆಗೆ ತಂದು ಯಾರಿಗೆ ಉಪಕಾರ ಮಾಡಿದ ಹಾಗಾಯಿತು? ಆರು ನಿಮಿಷದಲ್ಲಿ ಒಂದೇ ವಿಷಯವನ್ನು ಸ್ಪಷ್ಟವಾಗಿ ಹೇಳಿ, ಕೊನೆಗೆ ಒಂದು ಒಳ್ಳೆಯ ಪ್ರಶ್ನೆ ಇಡೋಕೆ ನಾನು ಸಿದ್ಧ. ಮನಸಾರೆ ಸಿದ್ಧ. ಸಮಯ ಕೊಡಿ.

ದುಡ್ಡಿಲ್ಲ ಅಂತ ಹೇಳಬೇಡಿ. ಮೂಡಲ್ ಅನ್ನುವ ಕಲಿಕಾ ವ್ಯವಸ್ಥೆ 2002ರಿಂದ ಉಚಿತವಾಗಿ ಸಿಗುತ್ತಿದೆ, ಜಗತ್ತಿನ ಎಷ್ಟೋ ವಿಶ್ವವಿದ್ಯಾಲಯಗಳು ಅದರಲ್ಲೇ ಪಾಠ ನಡೆಸುತ್ತಿವೆ. ಸರ್ವರ್ ನೋಡಿಕೊಳ್ಳೋಕೆ ಖರ್ಚಿದೆ, ಇಲ್ಲ ಅನ್ನುವುದಿಲ್ಲ. ಆದರೆ ತಂತ್ರಾಂಶದ ಪರವಾನಗಿಗೆ ಕೊಡುವ ಹಣದಲ್ಲಿ ಸ್ವಲ್ಪವನ್ನಾದರೂ ಮನುಷ್ಯರಿಗೆ ಕೊಡಿ. ಯಂತ್ರ ಕೊಂಡದ್ದು ಸಾಕು. ಜನ ಕೊಡಿ, ಸಮಯ ಕೊಡಿ.

ಇನ್ನೂ ಸ್ಪಷ್ಟವಾಗಿ ಹೇಳಬೇಕೆಂದರೆ ಹೀಗೆ. ಹೊಸದಾಗಿ ಡಿಜಿಟಲ್ ಪಾಠ ಕಟ್ಟುವ ಅಧ್ಯಾಪಕರಿಗೆ ಆ ಸೆಮಿಸ್ಟರ್‌ನಲ್ಲಿ ಒಂದು ಪತ್ರಿಕೆಯ ಹೊರೆ ಇಳಿಸಿ. ಪ್ರತಿ ಕಾಲೇಜಿಗೂ ಬೋಧನೆ ಮತ್ತು ತಂತ್ರಜ್ಞಾನ ಎರಡೂ ಬಲ್ಲ ಒಬ್ಬರನ್ನು ಕಾಯಂ ಆಗಿ ನೇಮಿಸಿ. ಪುಟ ತೆರೆದಿಟ್ಟ ನಿಮಿಷಕ್ಕೆ ಅಂಕ ಕೊಡುವುದನ್ನು ಇವತ್ತೇ ನಿಲ್ಲಿಸಿ, ಇದಕ್ಕೆ ಹಣವೂ ಬೇಡ, ಸಮಿತಿಯೂ ಬೇಡ, ನಿಮ್ಮ ಒಂದು ಸಹಿ ಸಾಕು. ಸರಿಮಾಡಲು ಫೈಲ್ ತೆಗೆದವರಿಗೆ ನೋಟಿಸ್ ಕೊಡಬೇಡಿ. ಮತ್ತೆ ಹೇಳುತ್ತೇನೆ, ಸಮಯ ಕೊಡಿ.

ಆ ಹುಡುಗಿ ಮುಂದಿನ ಸೆಮಿಸ್ಟರ್‌ಗೂ ನನ್ನ ಪತ್ರಿಕೆಯನ್ನೇ ಆಯ್ದುಕೊಂಡಿದ್ದಾಳೆ. ಅದಕ್ಕೆ ಐದು ಅಧ್ಯಾಯಗಳಿವೆ. ಒಂದು ಮುಗಿಸಿದ್ದೇನೆ, ನಾಲ್ಕು ಇನ್ನೂ ಸ್ಕ್ಯಾನ್ ಮಾಡಿದ ಫೋಟೋಗಳಾಗಿಯೇ ಕೂತಿವೆ. ತರಗತಿ ಶುರುವಾಗೋಕೆ ಆರು ವಾರ ಇದೆ. ಅಷ್ಟರೊಳಗೆ ನಿಮ್ಮ ಉತ್ತರ ಬೇಕು. 'ಸ್ವೀಕರಿಸಲಾಗಿದೆ' ಅನ್ನುವ ಉತ್ತರ ಬೇಡ.

ಇಂತಿ,
ಸಂಖ್ಯಾಶಾಸ್ತ್ರದ ಒಬ್ಬ ಅಧ್ಯಾಪಕಿ