ಸೆರಗು ಹೊರಳಿಸಿ ನೋಡಿ, ಶಾಸಕರೇ

ಮಾನ್ಯ ಶಾಸಕರೇ,

ನಮಸ್ಕಾರ. ಇದು ರಸ್ತೆ, ನೀರಿನ ಅರ್ಜಿ ಅಲ್ಲ. ಒಂದು ಸೀರೆಯ ವಿಷಯ.

ನಮ್ಮ ಅಜ್ಜಿಯ ಮದುವೆ ಸೀರೆ ಚಂದ್ರಕಾಳಿ. ಕಪ್ಪು ಬಟ್ಟೆ, ಮೇಲೆ ಅವಳೇ ಹಾಕಿದ ಕಸೂತಿ. ಸೆರಗಿನ ಹತ್ತಿರ ಗೋಪುರ, ತೇರು, ಆನೆ ಎಲ್ಲ ದೊಡ್ಡವು. ದೂರ ಹೋದ ಹಾಗೆ ಸಣ್ಣ ಆಗುತ್ತವೆ. ಅವಳು ಮೊದಲು ಹಾಕಿದ್ದು ಕಮಲ. ಯಾಕೆ ಅಂತ ಚಿಕ್ಕವಳಿದ್ದಾಗ ಕೇಳಿದ್ದೆ. "ಕಮಲದಾಗ ಬ್ರಹ್ಮ ಹುಟ್ಟಿದ ಮ್ಯಾಲೇ ಲೋಕ ಹುಟ್ಟಿದ್ದವ್ವಾ. ಆನಿ, ತೇರು, ತೊಟ್ಟಿಲಾ ಎಲ್ಲಾ ಆಮ್ಯಾಲೆ" ಅಂದಿದ್ದಳು. ಪುರಾಣದ ಕಥೆಯೇ. ಆದರೆ ನಾನು ಅದನ್ನು ಓದಿ ಕಲಿತಿದ್ದಲ್ಲ, ಸೀರೆ ಮೇಲೆ ಬೆರಳಾಡಿಸಿ ಕಲಿತಿದ್ದು.

ಆ ಸೀರೆಯಲ್ಲಿ ಒಂದು ಆನೆಯ ಸೊಂಡಿಲ ತುದಿ ಮಾತ್ರ ಹಳದಿ. ಕೆಂಪು ದಾರ ಮುಗಿದಿತ್ತಂತೆ. ಹುಬ್ಬಳ್ಳಿಯಿಂದ ತರುತ್ತೇನೆ ಅಂದ ಅಣ್ಣ, ಹಳ್ಳ ಬಂದು ಎರಡು ದಿನ ಊರು ಮುಟ್ಟಲಿಲ್ಲ. ಮದುವೆ ಹತ್ತಿರ ಬಂದಿತ್ತು. ಇದ್ದ ದಾರದಲ್ಲೇ ಮುಗಿಸಿದಳು. ಮುದುಕಿಯಾದ ಮೇಲೂ ಆ ಸೊಂಡಿಲು ಕಂಡರೆ ಅಣ್ಣನಿಗೆ ಬೈದು ನಗುತ್ತಿದ್ದಳು.

ನಮ್ಮ ಧಾರವಾಡದ ಕಡೆಯ ಈ ಕಸೂತಿಗೆ ಪೆನ್ಸಿಲ್ ಗೆರೆ ಇಲ್ಲ. ಬಟ್ಟೆಯ ಎಳೆ ಎಣಿಸಿಯೇ ಸೂಜಿ ಹಾಕಬೇಕು. ಗವಂತಿ, ಮುರಗಿ, ನೇಗಿ, ಮೆಂತೆ ಅಂತ ನಾಲ್ಕು ಹೊಲಿಗೆ. ಗವಂತಿಯಲ್ಲಿ ಸೂಜಿ ಹೋಗುವಾಗ ನಡುನಡುವೆ ಜಾಗ ಬಿಟ್ಟು ಹೋಗುತ್ತದೆ, ಬರುವಾಗ ಅದನ್ನೇ ತುಂಬಿಕೊಂಡು ಬರುತ್ತದೆ. ಒಂದೆಳೆ ತಪ್ಪಿದರೆ ಗೆರೆ ಕೂಡೋದಿಲ್ಲ, ಬಿಚ್ಚಬೇಕು. ಗಂಟು ಹಾಕುವ ಹಾಗೂ ಇಲ್ಲ. ಅದಕ್ಕೇ ಗವಂತಿ, ಮುರಗಿ ಎರಡೂ ಬದಿ ಒಂದೇ ಥರ ಕಾಣುತ್ತವೆ.

ಕಳೆದ ವರ್ಷ ಒಂದು ಮೇಳದಲ್ಲಿ 'ಕೈ ಕಸೂತಿ' ಅಂತ ಚೀಟಿ ಹಚ್ಚಿದ ಸೀರೆ ಹೊರಳಿಸಿದೆ. ಹಿಂದೆ ಬರೀ ಮಷಿನ್ ದಾರದ ಸಿಕ್ಕು. ಕೇಳಿದರೆ "ಎಲ್ಲಾ ಒಂದೇ ಮೇಡಂ" ಅಂದರು. ಒಂದೇ ಹೇಗಾಗುತ್ತೆ? ಮಷಿನ್ ಸೀರೆ ಮಾರಲಿ, ಎಲ್ಲರಿಗೂ ಕೈಕೆಲಸದ ಬೆಲೆ ಕೊಡೋಕೆ ಆಗಲ್ಲ. ಆದರೆ ಮಷಿನ್ ಅಂತ ಬರೆದು ಮಾರಲಿ.

ಕಸೂತಿಗೆ ಜಿಐ, ಅಂದರೆ ಇದು ಈ ಕಡೆಯದೇ ಅನ್ನುವ ಭೌಗೋಳಿಕ ಗುರುತಿನ ಮಾನ್ಯತೆ, 2005-06ರಲ್ಲೇ ಸಿಕ್ಕಿದೆ. ಕಲೆಯ ಹೆಸರನ್ನು ಅದು ಕಾಯುತ್ತದೆ, ಸರಿ. ಹಳದಿ ಸೊಂಡಿಲಿನ ಕಥೆ ಯಾರು ಕಾಯಬೇಕು?

ನಿಮ್ಮ ಕ್ಷೇತ್ರದ ಹಳೇ ಟ್ರಂಕುಗಳಲ್ಲಿ ಇಂಥ ಸೀರೆಗಳು ಇನ್ನೂ ಇವೆ. ಹೊಲಿದವರಿಗೆ ವಯಸ್ಸಾಗಿದೆ. ಕಾಲೇಜು ಹುಡುಗಿಯರಿಗೆ ಒಂದಿಷ್ಟು ಓಡಾಟದ ಖರ್ಚು ಕೊಟ್ಟು ಮನೆಮನೆಗೆ ಕಳಿಸಿ. ಸೀರೆಯ ಎರಡೂ ಬದಿ ಫೋಟೊ ತೆಗೆಯಲಿ, ಹೊಲಿದವರು ಒಪ್ಪಿದರೆ ಅವರ ಮಾತನ್ನು ರೆಕಾರ್ಡ್ ಮಾಡಲಿ. ಗದಗ, ಹಾವೇರಿ ತಾಂಡಾಗಳ ಲಂಬಾಣಿ ಹೊಲಿಗೆಗೂ ಹೀಗೇ ಆಗಬೇಕು. ಭವನ ಮಾತ್ರ ಬೇಡ ಸಾಹೇಬ್ರೇ. ಅದು ಕಟ್ಟಿ ಮುಗಿಯೋವರೆಗೆ ಅಜ್ಜಿಯಂದಿರು ಕಾಯೋದಿಲ್ಲ.

ಅಜ್ಜಿಯ ಸೀರೆ ಈಗ ನನ್ನ ಹತ್ತಿರ ಇದೆ. ಈ ಕಡೆ ಬಂದರೆ ಬನ್ನಿ, ಸೊಂಡಿಲು ತೋರಿಸುತ್ತೇನೆ. ಚಹಾನೂ ಮಾಡುತ್ತೇನೆ.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ಮತದಾರೆ,
ಧಾರವಾಡ