ಮಂಗನ ಕಾಯಿಲೆಯ ವದಂತಿಗೆ ಪತ್ರಿಕೆಯ ಬಳಿಯೇ ಮದ್ದಿದೆ

ಮಾನ್ಯ ಸಂಪಾದಕರಿಗೆ ವಂದನೆಗಳು.

ಡಿಸೆಂಬರ್ ಬಂತೆಂದರೆ ನಮ್ಮ ಮಲೆನಾಡಿನ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಮಂಗನ ಕಾಯಿಲೆಯ ಹೆಸರಿನಲ್ಲಿ ಸತ್ತ ಮಂಗಗಳ ಚಿತ್ರಗಳು ಓಡಾಡತೊಡಗುತ್ತವೆ. ಯಾವ ಊರಿನದು, ಯಾವ ವರ್ಷದ್ದು ಎಂಬುದು ಅದರಲ್ಲಿ ಇರುವುದಿಲ್ಲ. ವದಂತಿಗೆ ಕಿವಿಗೊಡಬೇಡಿ ಎಂಬ ಪ್ರಕಟಣೆ ಹೊರಡುತ್ತದೆ, ತಪ್ಪೆಲ್ಲ ಜನರದ್ದೇ ಎಂಬಂತಾಗುತ್ತದೆ. ಸಂವಹನ ಶಾಸ್ತ್ರವನ್ನು ಸ್ವಲ್ಪ ಓದಿಕೊಂಡವನಾಗಿ ನನಗೆ ಈ ತೀರ್ಮಾನ ಒಪ್ಪಿಗೆಯಾಗುವುದಿಲ್ಲ.

ಅಮೆರಿಕದ ಮನಶ್ಶಾಸ್ತ್ರಜ್ಞರಾದ ಗಾರ್ಡನ್ ಆಲ್‌ಪೋರ್ಟ್ ಮತ್ತು ಲಿಯೊ ಪೋಸ್ಟ್‌ಮನ್ ಯುದ್ಧಕಾಲದ ವದಂತಿಗಳನ್ನು ಅಭ್ಯಾಸ ಮಾಡಿ 1947ರಲ್ಲಿ ಒಂದು ಸೂತ್ರವನ್ನು ಮುಂದಿಟ್ಟರು. ವಿಷಯ ಕೇಳುವವನಿಗೆ ಎಷ್ಟು ಮುಖ್ಯ, ಅದರ ಬಗ್ಗೆ ಸಿಗುವ ಮಾಹಿತಿ ಎಷ್ಟು ಅಸ್ಪಷ್ಟ, ಈ ಎರಡನ್ನು ಗುಣಿಸಿದರೆ ವದಂತಿಯ ಬಲ ತಿಳಿಯುತ್ತದೆ ಎಂಬುದು ಅವರ ವಾದ. ಗುಣಾಕಾರವಾದ್ದರಿಂದ ಒಂದು ಸೊನ್ನೆಯಾದರೂ ಸಾಕು, ವದಂತಿ ಹುಟ್ಟುವುದಿಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ, 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಜೀವಗಳನ್ನು ಬಲಿ ತೆಗೆದುಕೊಂಡ, ಇಂದಿಗೂ ನಿರ್ದಿಷ್ಟ ಔಷಧಿಯಿಲ್ಲದ ಈ ಕಾಯಿಲೆ ದರಗು (ಉದುರಿದ ಒಣ ಎಲೆ) ತರಲು ನಿತ್ಯ ಕಾಡಿಗೆ ಹೋಗುವವರಿಗೆ ಮುಖ್ಯವಾಗದೆ ಇರುವುದಾದರೂ ಹೇಗೆ? ಆ ಮುಖ್ಯತೆಯನ್ನು ಯಾರೂ ತಗ್ಗಿಸಲಾರರು. ತಗ್ಗಿಸಬಹುದಾದದ್ದು ಅಸ್ಪಷ್ಟತೆಯನ್ನು ಮಾತ್ರ, ಮತ್ತು ಅದು ಪತ್ರಿಕೆಯ ಕೈಯಲ್ಲಿದೆ.

ವದಂತಿ ಬಾಯಿಂದ ಬಾಯಿಗೆ ಸಾಗುವಾಗ ವಿವರಗಳು ಉದುರಿ, ಉಳಿದದ್ದು ಚೂಪಾಗಿ, ಕೊನೆಗೆ ಕೇಳುವವನ ಹಳೆಯ ಭಯಕ್ಕೆ ಹೊಂದಿಕೊಳ್ಳುತ್ತದೆ ಎಂದೂ ಅವರು ತೋರಿಸಿದ್ದರು. ನಮ್ಮ ಅಡಿಕೆ ಬೆಳೆಗಾರರ ಗುಂಪಿನಲ್ಲಿ ಇದು ಕಣ್ಣೆದುರೇ ನಡೆಯಿತು. ‘ಕಾಡಂಚಿನಲ್ಲಿ ಮಂಗ ಸತ್ತಿದೆ, ಮಾದರಿ ಕಳಿಸಿದ್ದಾರೆ, ವರದಿ ಬರಬೇಕು’ ಎಂದು ಬೆಳಿಗ್ಗೆ ಬಂದ ಸಂದೇಶದಲ್ಲಿ ಮೊದಲು ಬಿದ್ದುಹೋದದ್ದು ವರದಿಯ ಮಾತು. ಸಂಜೆಗೆ ಅದು ‘ಊರಿಗೆ ಕಾಯಿಲೆ ಬಂದಿದೆ’ ಎಂದಾಗಿತ್ತು. ಅದೇ ವಾರ ಅಲ್ಲಿ ಒಬ್ಬರಿಗೆ ಜ್ವರ ಬಂತು, ಅವರ ತೋಟಕ್ಕೆ ಅಡಿಕೆ ಗೊನೆ ಇಳಿಸುವ ಕೊನೆಗೌಡ ಬರಲೊಪ್ಪಲಿಲ್ಲ. ಈ ಕಾಯಿಲೆ ಉಣುಗಿನ ಕಡಿತದಿಂದ ಬರುತ್ತದೆ, ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ ಎಂಬುದು ಆ ಹೊತ್ತಿಗೆ ಯಾರಿಗೂ ಬೇಕಿರಲಿಲ್ಲ. ವಾಟ್ಸ್‌ಆ್ಯಪ್ ಸಂಸ್ಥೆ 2018ರಲ್ಲಿ ಭಾರತದಲ್ಲಿ ಒಮ್ಮೆಗೆ ಐದು ಕಡೆಗಷ್ಟೇ ಫಾರ್ವರ್ಡ್ ಮಾಡುವ ಮಿತಿ ಹೇರಿತು. ಅದರಿಂದ ವದಂತಿಯ ವೇಗ ತಗ್ಗಬಹುದೇ ಹೊರತು ಜನರ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ.

ಆ ಉತ್ತರ ಕೊಡಬೇಕಾದ ಪತ್ರಿಕೆಗಳಲ್ಲಿ ‘ಕಾಯಿಲೆ ಶಂಕೆ: ಗ್ರಾಮಸ್ಥರಲ್ಲಿ ಆತಂಕ’ ಎಂಬ ಸುದ್ದಿ ಮೊದಲ ಪುಟದಲ್ಲಿ ಬರುತ್ತದೆ. ರೋಗವಿಲ್ಲವೆಂಬ ವರದಿ ಬಂದಾಗ ಅದು ಒಳಪುಟದ ಮೂಲೆಯಲ್ಲೂ ಕಾಣುವುದು ಅಪರೂಪ. ದೂರವಾಣಿಯಲ್ಲಿ ಒಮ್ಮೆ ವಿಚಾರಿಸಿದರೆ ಮುಗಿಯುವ ಕೆಲಸವಿದು. ಅಷ್ಟನ್ನೂ ಮಾಡದೆ ಹೋದರೆ ಆ ಊರಿನ ಮೇಲೆ ಶಂಕೆ ಇಡೀ ಬೇಸಿಗೆ ಹಾಗೆಯೇ ಉಳಿಯುತ್ತದೆ. ಇದನ್ನು ನಾನು ನೋವಿನಿಂದಲೇ ಬರೆಯುತ್ತಿದ್ದೇನೆ.

ಡಿಸೆಂಬರ್‌ನಿಂದ ಮಳೆ ಹಿಡಿಯುವವರೆಗೆ ಜಿಲ್ಲಾ ಪುಟದ ಒಂದು ನಿಗದಿತ ಜಾಗದಲ್ಲಿ ಚಿಕ್ಕ ಚೌಕಟ್ಟೊಂದನ್ನು ದಿನವೂ ಪ್ರಕಟಿಸಬೇಕೆಂದು ಕೋರುತ್ತೇನೆ. ತಾಲ್ಲೂಕುವಾರು ಎಷ್ಟು ಮಾದರಿ ಹೋಗಿವೆ, ಎಷ್ಟರ ವರದಿ ಬಂದಿದೆ, ಎಷ್ಟರಲ್ಲಿ ಸೋಂಕು ಕಂಡಿದೆ, ಉಳಿದವು ಯಾವಾಗ ಬರಬಹುದು ಎಂಬಷ್ಟಿದ್ದರೆ ಸಾಕು. ರೋಗಿಯ ಹೆಸರಾಗಲಿ ಮನೆಯ ಗುರುತಾಗಲಿ ಬೇಡ. ಎಲ್ಲರೂ ಪತ್ರಿಕೆ ಓದುವುದಿಲ್ಲವೆಂಬುದು ನಿಜ. ಆದರೆ ಪಾಲ್ ಲಾಜರ್ಸ್‌ಫೆಲ್ಡ್ ಮತ್ತು ಸಂಗಡಿಗರು 1940ರ ಅಮೆರಿಕದ ಚುನಾವಣೆಯನ್ನು ಅಭ್ಯಸಿಸಿ ಹೇಳಿದಂತೆ, ಮಾಧ್ಯಮದ ಮಾತು ಮೊದಲು ನಾಲ್ಕು ಜನರ ನಂಬಿಕೆ ಗಳಿಸಿದವರಿಗೆ ತಲುಪಿ ಅವರಿಂದ ಉಳಿದವರಿಗೆ ಹೋಗುತ್ತದೆ. ನಮ್ಮಲ್ಲಿ ಆ ಸ್ಥಾನದಲ್ಲಿರುವವರು ಆಶಾ ಕಾರ್ಯಕರ್ತೆಯರು, ಹಾಲಿನ ಡೇರಿಯ ಕಾರ್ಯದರ್ಶಿಗಳು, ಬಸ್ ನಿಲ್ದಾಣದ ಅಂಗಡಿಯವರು. ಚೌಕಟ್ಟನ್ನು ಕತ್ತರಿಸಿ ಡೇರಿಯ ಗೋಡೆಗೆ ಅಂಟಿಸಲು ಬರುವಂಥ ದಪ್ಪ ಅಕ್ಷರಗಳಲ್ಲಿ ಅಚ್ಚು ಹಾಕಿಸಿದರೆ ಅವರಿಗೆ ಅನುಕೂಲವಾದೀತು.

ಇಂತಿ,
ಒಬ್ಬ ನಿವೃತ್ತ ಶಿಕ್ಷಕ, ತೀರ್ಥಹಳ್ಳಿ ತಾಲ್ಲೂಕು