ಡಬ್ಲ್ಯುಎಸ್ ಸ್ಟಿಕ್ಕರ್ ಅಂಟಿಸಿ ಬೇರೆ ಆಟೊಮ್ಯಾಟಿಕ್ ಗೇರ್ ಆಯಿಲ್ ಕಳಿಸಿದ ಬಗ್ಗೆ ದೂರು

ಇವರಿಗೆ,
ಗ್ರಾಹಕರ ದೂರು ವಿಭಾಗದ ಅಧಿಕಾರಿಗಳು

ವಿಷಯ: ತಪ್ಪು ಎಟಿಎಫ್ (ಆಟೊಮ್ಯಾಟಿಕ್ ಗೇರ್ ಆಯಿಲ್) ಕಳಿಸಿದ್ದು, ವಾಪಸ್ ತಗೊಳ್ಳಲು ನಿರಾಕರಿಸಿದ್ದು

ಮಾನ್ಯರೇ,

ನನ್ನ ಇನ್ನೋವಾ ಕ್ರಿಸ್ಟಾ ಆಟೊಮ್ಯಾಟಿಕ್ ಗಾಡಿಗೆ ನಿಮ್ಮ ಆನ್‌ಲೈನ್ ಅಂಗಡಿಯಿಂದ ಎಟಿಎಫ್ ಡಬ್ಲ್ಯುಎಸ್ ಆಯಿಲ್ (ಈ ಗಾಡಿಯ ಗೇರ್‌ಬಾಕ್ಸ್‌ಗೆ ಟೊಯೋಟಾ ಹೇಳಿರುವ ಆಯಿಲ್) ತರಿಸಿದ್ದೆ. ಒಂದೊಂದು ಲೀಟರಿನ ಆರು ಡಬ್ಬ. ನಿಮ್ಮ ಪುಟದಲ್ಲಿ ಗಾಡಿಯ ಮಾಡೆಲ್, ವರ್ಷ ಎಲ್ಲಾ ಹಾಕಿದ ಮೇಲೆ 'ನಿಮ್ಮ ಗಾಡಿಗೆ ಸರಿಹೊಂದುತ್ತದೆ' ಅಂತ ಹಸಿರು ಗುರುತು ಬಂತು. ಡಬ್ಬ ಕೈಗೆ ಬಂದಾಗ ಮುಂದುಗಡೆ ದಪ್ಪ ಅಕ್ಷರದಲ್ಲಿ ಡಬ್ಲ್ಯುಎಸ್ ಅಂತಲೇ ಇತ್ತು. ಸೀಲೂ ಸರಿಯಾಗಿತ್ತು.

ಆಯಿಲ್ ಬದಲಾಯಿಸುವ ಕೆಲಸವನ್ನು ನಾನು ಮನೆಯಲ್ಲೇ ಮಾಡಿಕೊಳ್ಳುತ್ತೇನೆ. ಗಾಡಿಯನ್ನು ನಾಲ್ಕೂ ಕಡೆ ಸ್ಟ್ಯಾಂಡ್ ಕೊಟ್ಟು ಮಟ್ಟಸವಾಗಿ ನಿಲ್ಲಿಸಿ, ಮೊದಲು ತುಂಬುವ ಬೋಲ್ಟ್ ಬಿಚ್ಚಿ ನೋಡಿ, ಆಮೇಲೆ ಕೆಳಗಿನ ಡ್ರೈನ್ ಬೋಲ್ಟ್ ತೆಗೆದೆ. (ಈ ಕ್ರಮ ತಪ್ಪಿದರೆ ಕಷ್ಟ. ಆಯಿಲ್ ಇಳಿಸಿದ ಮೇಲೆ ತುಂಬುವ ಬೋಲ್ಟ್ ಹಿಡಿದುಕೊಂಡಿದೆ ಅಂತ ಗೊತ್ತಾದರೆ ಗಾಡಿ ಅಲ್ಲೇ ಕೂತಿರುತ್ತೆ.) ಹಳೇ ಆಯಿಲ್ ಸುಮಾರು ಮೂರು ಲೀಟರ್ ಇಳಿಯಿತು. ಬಣ್ಣ ಕಪ್ಪಾಗಿತ್ತು. ಉಳಿದದ್ದು ಟಾರ್ಕ್ ಕನ್ವರ್ಟರ್‌ನಲ್ಲೇ (ಎಂಜಿನ್ ಶಕ್ತಿಯನ್ನು ಆಯಿಲ್ ಮೂಲಕ ಗೇರ್‌ಬಾಕ್ಸ್‌ಗೆ ದಾಟಿಸುವ ಭಾಗ) ಇರುತ್ತೆ, ಒಂದೇ ಸಲಕ್ಕೆ ಬರಲ್ಲ. ಅದಕ್ಕೇ ಆರು ಲೀಟರ್ ತರಿಸಿದ್ದು.

ಹೊಸ ಡಬ್ಬದ ಮುಚ್ಚಳ ತೆಗೆಯುವ ಮೊದಲು, ಧೂಳು ಒಳಗೆ ಬೀಳಬಾರದು ಅಂತ ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಲೇಬಲ್ಲಿನ ಒಂದು ಮೂಲೆ ಎದ್ದು ಬಂತು. ಲೇಬಲ್ ಅಲ್ಲ ಅದು, ಸ್ಟಿಕ್ಕರ್! ಉಗುರಲ್ಲಿ ಎಳೆದರೆ ಹಾಗೇ ಪೂರ್ತಿ ಕಿತ್ತು ಬಂತು. ಅದರಡಿ ಡಬ್ಬದ ಮೇಲೇ ಅಚ್ಚು ಹಾಕಿದ್ದು 'ಡೆಕ್ಸ್‌ರಾನ್ III', ಬೇರೆಯೇ ಬಗೆಯ ಎಟಿಎಫ್. ಇನ್ನುಳಿದ ಐದು ಡಬ್ಬವನ್ನೂ ಕೆರೆದು ನೋಡಿದೆ. ಎಲ್ಲದರ ಕಥೆಯೂ ಅದೇ. ಪ್ಯಾಕ್ ಮಾಡಿದ ತಿಂಗಳು, ಎಂಆರ್‌ಪಿ ಕೂಡ ಸ್ಟಿಕ್ಕರ್ ಕೆಳಗೆ ಹೋಗಿದ್ದವು. ನಿಮ್ಮ ಬಿಲ್ಲಿನ ದರಕ್ಕೂ ಅಲ್ಲಿದ್ದ ಎಂಆರ್‌ಪಿಗೂ ಸಂಬಂಧವೇ ಇಲ್ಲ. ನೀವು ತಗೊಂಡದ್ದು ಅದಕ್ಕಿಂತ ಜಾಸ್ತಿ.

ನಿಮ್ಮ ಸಹಾಯವಾಣಿಗೆ ಫೋನ್ ಮಾಡಿದೆ. ಆ ಹುಡುಗ ಹೇಳಿದ್ದು ಇದು: "ಸಾರ್, ಎಲ್ಲಾ ಎಟಿಎಫ್ ಒಂದೇ ಸಾರ್. ಕಲರ್ ನೋಡಿ, ಕೆಂಪಗೇ ಇದೆ ಅಲ್ವಾ? ಧೈರ್ಯವಾಗಿ ಹಾಕಿ." ಅವನ ಮೇಲೆ ನನಗೆ ಕೋಪ ಇಲ್ಲ, ಯಾರೋ ಹೇಳಿಕೊಟ್ಟದ್ದನ್ನು ಹೇಳಿದ. ಆದರೆ ಗಾಡಿ ಸಾಮಾನು ಮಾರುವ ಕಂಪನಿ ತನ್ನ ಜನಕ್ಕೆ ಹೇಳಿಕೊಡುವ ಮಾತಾ ಇದು? ಕೆಂಪು ಅನ್ನೋದು ಬಣ್ಣ ಬೆರೆಸಿದ್ದರಿಂದ ಬರುವುದು. ಕೆಳಗೆ ಸೋರಿದರೆ ಎಂಜಿನ್ ಆಯಿಲ್ಲೋ ಗೇರ್ ಆಯಿಲ್ಲೋ ಅಂತ ಗುರುತು ಸಿಗಲಿ ಅಂತ ಹಾಕುತ್ತಾರೆ, ಅಷ್ಟೇ. ಡೆಕ್ಸ್‌ರಾನ್ III ಹಳೇ ಕಾಲದ ಗೇರ್‌ಬಾಕ್ಸ್‌ಗಳಿಗೆ ಮಾಡಿದ ಆಯಿಲ್. 2006ರ ಕೊನೆಗೇ ಜನರಲ್ ಮೋಟರ್ಸ್ ಅದರ ಲೈಸೆನ್ಸ್ ನಿಲ್ಲಿಸಿತ್ತು. ಕ್ರಿಸ್ಟಾ ನಮ್ಮಲ್ಲಿ ಬಂದದ್ದೇ 2016ರಲ್ಲಿ. ಡಬ್ಲ್ಯುಎಸ್ ಅದಕ್ಕಿಂತ ತೆಳು ಆಯಿಲ್. ಗೇರ್ ಬದಲಿಸಲು ಆಯಿಲನ್ನು ಹಂಚುವ ವಾಲ್ವ್ ಬಾಡಿಯ ಸಣ್ಣ ಸಣ್ಣ ದಾರಿಗಳೂ ಕ್ಲಚ್ ಹಿಡಿಯುವ ರೀತಿಯೂ ಆ ತೆಳುವಿಗೆ, ಅದರಲ್ಲಿರುವ ಕೆಮಿಕಲ್‌ಗೆ ಹೊಂದಿಸಿರುತ್ತವೆ. ಬೇರೆಯದು ಹಾಕಿದರೆ ಮೊದಲ ದಿನವೇ ಗಾಡಿ ನಿಲ್ಲಲ್ಲ ನಿಜ. ಆದರೆ ಗೇರ್ ಬೀಳುವಾಗ ಜರ್ಕ್, ಟಾರ್ಕ್ ಕನ್ವರ್ಟರ್ ಲಾಕಪ್ ಆಗುವಾಗ (ಒಳಗಿನ ಕ್ಲಚ್ ನೇರವಾಗಿ ಹಿಡಿದುಕೊಳ್ಳುವಾಗ) ನಡುಕ, ಹೀಗೆ ಶುರುವಾಗಿ ಕ್ಲಚ್ ಸವೆದ ಮೇಲೆ ಗೊತ್ತಾಗುತ್ತೆ. ಅಷ್ಟರಲ್ಲಿ ನಿಮ್ಮ ಬಿಲ್ ಯಾರ ನೆನಪಲ್ಲೂ ಇರಲ್ಲ. ಗೇರ್‌ಬಾಕ್ಸ್ ಬಿಚ್ಚಿಸುವ ಖರ್ಚು ಎಷ್ಟಾಗುತ್ತೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ.

ಎರಡನೇ ಸಲ ಫೋನ್ ಮಾಡಿದಾಗ ಉತ್ತರ ಬದಲಾಯಿತು. 'ಲಿಕ್ವಿಡ್ ಐಟಂ ವಾಪಸ್ ತಗೊಳ್ಳಲ್ಲ, ಅದು ನಮ್ಮ ಪಾಲಿಸಿ' ಅಂದರು. ಇಮೇಲ್‌ಗೆ ಬಂದ ಉತ್ತರದಲ್ಲಿ 'ಲೇಬಲ್ ಹಾಳಾಗಿರುವುದರಿಂದ ಪರಿಗಣಿಸಲಾಗದು' ಅಂತಿದೆ. ನೀವೇ ಅಂಟಿಸಿದ ಸ್ಟಿಕ್ಕರ್ ಕಿತ್ತದ್ದಕ್ಕೆ ನನ್ನ ಮೇಲೇ ತಪ್ಪು ಹೊರಿಸುತ್ತೀರಾ? 2020ರ ಇ-ಕಾಮರ್ಸ್ ನಿಯಮ ಓದಿ. ಜಾಹೀರಾತಿನಲ್ಲಿ ಹೇಳಿದ ಗುಣ ಇಲ್ಲದ ಸಾಮಾನನ್ನು ವಾಪಸ್ ತಗೊಳ್ಳಲ್ಲ ಅನ್ನುವ ಹಾಗಿಲ್ಲ. ದೂರು ಬಂದ 48 ಗಂಟೆಯೊಳಗೆ ಸ್ವೀಕೃತಿ, ಒಂದು ತಿಂಗಳೊಳಗೆ ಪರಿಹಾರ ಅಂತಲೂ ಅದರಲ್ಲೇ ಇದೆ. ನಿಮ್ಮ ಪಾಲಿಸಿ ಕಾನೂನಿಗಿಂತ ದೊಡ್ಡದಲ್ಲ.

ಗಾಡಿ ಸ್ಟ್ಯಾಂಡ್ ಮೇಲೇ ಉಳಿಯಿತು. ಬಿಡದಿಯಲ್ಲಿ ತಯಾರಾದ ಗಾಡಿಗೆ ತುಮಕೂರಿನಲ್ಲಿ ಅವತ್ತು ಆ ಆಯಿಲ್ ಸಿಗಲಿಲ್ಲ ನೋಡಿ! ಅಮ್ಮನನ್ನು ಕಣ್ಣಿನ ಆಸ್ಪತ್ರೆಗೆ ಆಟೋದಲ್ಲಿ ಕರ್ಕೊಂಡು ಹೋಗಬೇಕಾಯಿತು. ಕಡೆಗೆ ನನ್ನ ಭಾವಮೈದ ಬೆಂಗಳೂರಿನಿಂದ ಬರುವಾಗ ಸರಿಯಾದ ಡಬ್ಬ ತಂದುಕೊಟ್ಟರು. ಅದನ್ನು ತುಂಬಿ, ಎಂಜಿನ್ ಚಾಲೂ ಇಟ್ಟು, ಆಯಿಲ್ 40 ಡಿಗ್ರಿ ಆಸುಪಾಸಿಗೆ ಬಂದಾಗ ಆಯಿಲ್ ಮಟ್ಟ ನೋಡುವ ಚೆಕ್ ಬೋಲ್ಟ್ ಬಿಚ್ಚಿ, ಹೆಚ್ಚಾದದ್ದು ಹನಿಹನಿಯಾಗಿ ಇಳಿದ ಮೇಲೆ ಮುಚ್ಚಿದೆ. ಈಗ ಗಾಡಿ ಚೆನ್ನಾಗಿದೆ. ಆದ್ದರಿಂದ ಗೇರ್‌ಬಾಕ್ಸ್ ಹೆಸರಲ್ಲಿ ಪರಿಹಾರ ಕೇಳುತ್ತಿಲ್ಲ. ಸುಮ್ನೆ ದೊಡ್ಡ ಮೊತ್ತ ಬರೆಯುವುದು ನನಗೆ ಇಷ್ಟ ಇಲ್ಲ.

ಕೇಳುವುದು ಇಷ್ಟು. ಆರು ಡಬ್ಬದ ಪೂರ್ತಿ ಹಣ, ಡೆಲಿವರಿ ಚಾರ್ಜ್ ಸೇರಿಸಿ, ವಾಪಸ್ ಕೊಡಿ. ಡಬ್ಬಗಳನ್ನು ನಿಮ್ಮ ಖರ್ಚಿನಲ್ಲೇ ತಗೊಂಡು ಹೋಗಿ. ಇದಕ್ಕಿಂತ ಮುಖ್ಯವಾದದ್ದು, ಇದೇ ಲಾಟ್‌ನ ಆಯಿಲ್ ತಗೊಂಡ ಉಳಿದ ಗ್ರಾಹಕರಿಗೆ ಫೋನ್ ಮಾಡಿ ತಿಳಿಸಿ. ಅವರಲ್ಲಿ ಎಷ್ಟೋ ಜನ ಸ್ಟಿಕ್ಕರ್ ಕೀಳದೇ ಆಯಿಲ್ ಹಾಕಿಸಿಕೊಂಡಿರಬಹುದು. ಬೇಗ ಇಳಿಸಿ ಸರಿಯಾದದ್ದು ತುಂಬಿದರೆ ಅವರ ಗೇರ್‌ಬಾಕ್ಸ್ ಉಳಿಯುತ್ತೆ. ಆ ಸ್ಟಿಕ್ಕರ್ ಎಲ್ಲಿ, ಯಾರು ಅಂಟಿಸಿದರು ಅನ್ನುವುದಕ್ಕೆ ಬರಹದಲ್ಲಿ ಉತ್ತರ ಬೇಕು.

ಬಿಲ್, ಕಿತ್ತ ಸ್ಟಿಕ್ಕರ್‌ಗಳ ಫೋಟೊ, ಡಬ್ಬದ ಮೇಲಿನ ಲಾಟ್ ನಂಬರ್, ನಿಮ್ಮ ಇಮೇಲ್ ಎಲ್ಲಾ ಈ ಪತ್ರದ ಜೊತೆ ಇಟ್ಟಿದ್ದೇನೆ. ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ 1915 ಗ್ರಾಹಕ ಸಹಾಯವಾಣಿಗೆ ದೂರು ಕೊಟ್ಟು, ನಮ್ಮ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. ನಾನು ಇರುವ ಊರಿನಲ್ಲೇ ಕೇಸ್ ಹಾಕಬಹುದು ಅಂತ 2019ರ ಕಾಯ್ದೆಯಲ್ಲಿದೆ. ಅಷ್ಟು ದೂರ ಬರುವ ತೊಂದರೆ ನಿಮಗೇ.

ಇಂತಿ,
ನಿಮ್ಮ ಗ್ರಾಹಕ,
ತುಮಕೂರು